ನಾಲ್ಕು, ನಾಲ್ಕು, ನಾಲ್ಕು

ನಪಾರಿ, ನಿನ್ನ ಅಕ್ಷರ ದುಂಡಗೆ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ
ಬೆಳಿಗ್ಗೆ ನಾಲ್ಕು ಡಿಗ್ರಿ, ಸಂಜೆ ನಾಲ್ಕು ಡಿಗ್ರಿ,
ಅಂಗಡಿ ತೆರೆಯದ ಭಾನುವಾರವೂ ನಾಲ್ಕು.
ಒಂದೇ ಪೆನ್ನು, ಒಂದೇ ಒತ್ತು,
ಹಗ್ಗ ಹಿಡಿದು ನೆಟ್ಟ ಸಸಿಯಂತೆ ಸಾಲು.
ಪ್ರತಿ ವಾರದ ಕೊನೆಗೆ
ನನ್ನ ಸಹಿ.

ಟಮಾಲೆಯಲ್ಲಿ ಈಗ ಹರ್ಮಟನ್ ಬೀಸುವ ಕಾಲ.
ಮರುಭೂಮಿಯ ಹುಡಿ ಕೌಂಟರಿನ ಮೇಲೆ
ಒರೆಸಿದ ಬೆನ್ನಿಗೇ ಬಂದು ಕೂರುತ್ತದೆ,
ಕೆಮ್ಮಿನ ಸಿರಪ್ಪಿನ ಮುಚ್ಚಳಕ್ಕೂ ಕಂದು ಟೋಪಿ.
ಕರೆಂಟು ಹೇಳದೆ ಹೋಗುತ್ತದೆ,
ಕರೆದರೆ ಬರುವುದಿಲ್ಲ.
ಇಂಥ ಊರಲ್ಲಿ ಮೂರು ವಾರ
ಕೂದಲೆಳೆಯಷ್ಟೂ ಅಲುಗದ ನಾಲ್ಕು!
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ನಾನು ಕಂಡೂ ಇರಲಿಲ್ಲ.

ಸವೆಲುಗುವಿನಿಂದ ಸನಾತು ಬಂದಳು,
ಮೂರು ಗಾಲಿಯ ಬಂಡಿಯಲ್ಲಿ, ಮೂರು ಬಾಟಲಿ ನೀರು ಕುಡಿದು,
ಇನ್ನೂ ಬಾಯಾರಿ.
‘ನಿಮ್ಮ ಮದ್ದಿನ ತಪ್ಪಲ್ಲಮ್ಮ, ನನ್ನ ಗಡಿಗೆಯದು’ ಅಂದಳು.
ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ,
ನಡುವೆ ಒದ್ದೆ ಮರಳು,
ಒಳಗೆ ಬಟ್ಟೆ ಸುತ್ತಿದ ಇನ್ಸುಲಿನ್ ಸೀಸೆ.
ದಿನಕ್ಕೆರಡು ಸಲ ನೀರು ಚಿಮುಕಿಸಿ
ಅಂಗೈ ತಿರುವಿ ಮುಟ್ಟಿ ನೋಡುತ್ತಾಳಂತೆ,
ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.
‘ಒಂದು ಗಡಿಗೆ ಬದಲಾಯಿಸಿದೆ. ಮದ್ದು ಮತ್ತೆ ನೀರಾಯಿತು.
ಇನ್ನೊಂದು ತಂದೆ.’

ಬೆರಳು ಚುಚ್ಚಿದೆ. ಮೀಟರು ಅಂಕಿಯನ್ನೇ ಕೊಡಲಿಲ್ಲ,
ಬಹಳ ಹೆಚ್ಚು ಅಂತಷ್ಟೇ ಅಂದಿತು.
ಮೊದಲು ಅವಳನ್ನು ಆಸ್ಪತ್ರೆಗೆ ಕಳಿಸಿದೆ.
ಆಮೇಲೆ ಫ್ರಿಜ್ಜು ತೆರೆದೆ.

ಥರ್ಮಾಮೀಟರಿಗೊಂದು ನೆನಪಿದೆ, ನಪಾರಿ.
ಗುಂಡುಸೂಜಿಯ ತಲೆಯಷ್ಟು ಕಪ್ಪು ಗುಂಡಿ,
ಯಾರೂ ಒತ್ತದೆ ಧೂಳು ಕಟ್ಟಿತ್ತು.
ಒತ್ತಿದೆ.
ಅತಿ ಹೆಚ್ಚು: ಇಪ್ಪತ್ತೊಂಬತ್ತು.
ಯಾವ ರಾತ್ರಿ, ಎಷ್ಟು ರಾತ್ರಿ, ಅದು ಹೇಳುವುದಿಲ್ಲ.
ಹಾಳೆ ಹೇಳಬೇಕಿತ್ತು.

ಸೀಸೆಯೊಂದನ್ನು ಬೆಳಕಿಗೆ ಹಿಡಿದೆ.
ಹಾಲು ಕೆಟ್ಟರೆ ಒಡೆದು ತೋರಿಸುತ್ತದೆ,
ಮೀನು ಕೆಟ್ಟರೆ ಬೀದಿಗೆಲ್ಲ ಸಾರುತ್ತದೆ.
ಇದು ತಿಳಿ. ನಿನ್ನೆಯಂತೆಯೇ ತಿಳಿ.

ನಲವತ್ತಾರು ಸೀಸೆ ಎಣಿಸಿದೆವು,
ಬ್ಯಾಚು ನಂಬರು ನೀನು ಓದಿದೆ, ನಾನು ಬರೆದೆ,
ಕೆಂಪು ಟೇಪು ಸುತ್ತಿದೆವು.
ಮೂರು ತಿಂಗಳ ಬಾಡಿಗೆ ಆ ಡಬ್ಬದಲ್ಲಿತ್ತು.
ಬೈಯಲು ಬಾಯಿ ತೆರೆದೆ.
ನೀನು ನೆಲ ನೋಡುತ್ತ ಅಂದೆ:
‘ಮೇಡಂ, ತಪಾಸಣೆಯವರಿಗೆ
ಹಾಳೆಯಲ್ಲಿ ಖಾಲಿ ಚೌಕ ಕಾಣಬಾರದು ಅಂತ
ನೀವೇ ಹೇಳಿದ್ದಿರಿ.’

ಹೇಳಿದ್ದೆ.
ಕೆಲಸಕ್ಕೆ ನೀನು ಸೇರಿದ ಮೊದಲ ದಿನ,
ಇದೇ ಕೌಂಟರಿಗೆ ಒರಗಿ, ಚಹಾ ಕುಡಿಯುತ್ತ.

ಸಂಜೆಯವರೆಗೆ ಫೋನು.
ಕೊಂಡವರು ಹತ್ತೊಂಬತ್ತು ಮಂದಿ.
ವಾಪಸು ತನ್ನಿ, ಹೊಸದು ಕೊಡುತ್ತೇವೆ, ದುಡ್ಡು ಬೇಡ,
ತಪ್ಪು ನಮ್ಮದು. ಹದಿನೆಂಟು ಸಲ ಹೇಳಿದೆ.
ನಾಲಿಗೆಗೆ ರೂಢಿಯಾಗಲಿಲ್ಲ.
ಒಂದು ಫೋನು ಯಾರೂ ಎತ್ತಲಿಲ್ಲ.
ಇನ್ನೂ ಎತ್ತಿಲ್ಲ.

ಈಗ ಹಾಳೆ ನೋಡಲು ಚೆನ್ನಾಗಿಲ್ಲ.
ಮೂರು, ಆರು, ಹೊಡೆದು ಹಾಕಿದ ಐದು,
ಒಂದು ಖಾಲಿ ಚೌಕ, ಪಕ್ಕದಲ್ಲಿ ನಿನ್ನ ಸೊಟ್ಟ ಅಕ್ಷರ:
‘ಮರೆತೆ.’
ಮಂಗಳವಾರ ಹನ್ನೊಂದು: ‘ಕರೆಂಟಿಲ್ಲ,
ಎಲ್ಲ ಆಸ್ಪತ್ರೆಯ ಫ್ರಿಜ್ಜಿಗೆ ಸಾಗಿಸಿದೆ.’
ಇದಕ್ಕೆ ಸಹಿ ಹಾಕುವಾಗ ಕನ್ನಡಕ ಹುಡುಕುತ್ತೇನೆ.

ಸನಾತು ಒಂಬತ್ತನೆಯ ದಿನ ಬಂದಳು,
ಕೆನ್ನೆ ಸ್ವಲ್ಪ ತುಂಬಿತ್ತು.
ಎಲ್ಲ ಹೇಳಿದೆ, ಏನೂ ಬಿಡದೆ.
ಬಹಳ ಹೊತ್ತು ಸುಮ್ಮನಿದ್ದಳು,
ಕೌಂಟರಿನ ಧೂಳಿನಲ್ಲಿ ಬೆರಳಿನಿಂದ ಏನೋ ಗೀಚುತ್ತ.
‘ಹಾಗಾದರೆ ನನ್ನ ಗಡಿಗೆ?’
ಚೆನ್ನಾಗಿತ್ತು, ಅಂದೆ. ಮೊದಲಿನದೇ.
‘ಅಯ್ಯೋ, ಅದನ್ನು ಒಡೆದು
ಕೋಳಿಗಳ ನೀರಿಗೆ ಇಟ್ಟುಬಿಟ್ಟೆನಲ್ಲ.’