ಮಗುಚುವ ದಿನ

ಬೆಂಚು ಮಾಡಲು ಮೊದಲೊಂದು ಬೆಂಚು ಬೇಕು.
ತಮಾಷೆಗೆ ಹೇಳುತ್ತಿಲ್ಲ. ಒಂದಿಡೀ ಚಳಿಗಾಲ
ಅಡುಗೆಮನೆಯ ಹೊಸ್ತಿಲ ಮೇಲೆ ಹಲಗೆ ಚಾಚಿ
ಅದರ ಬೆನ್ನೇರಿ ಕೂತು ಗರಗಸ ಎಳೆದಿದ್ದೇನೆ,
ಮುಂದೆ ಹೋಗಲೊಲ್ಲದ ಹೇಸರಗತ್ತೆಯ ಮೇಲೆ ಕೂತ ಹಾಗೆ.
ವಿಂಕೊ ಸೂಪಿನ ಪಾತ್ರೆ ಹಿಡಿದು
ನನ್ನನ್ನು ದಾಟಿ ದಾಟಿ ಓಡಾಡಿದ.
ಯಾವಾಗ ಮುಗಿಯುತ್ತೆ ಅಂತ
ಬಾಯಿಬಿಟ್ಟು ಒಂದು ದಿನವೂ ಕೇಳಲಿಲ್ಲ;
ಪಾತ್ರೆ ಕುಕ್ಕುವ ಸದ್ದಿನಲ್ಲಿ ದಿನಾ ಕೇಳಿದ.

ಮರ ಬೀಚ್. ಕೊಚೆವ್ಯೆ ಕಾಡಂಚಿನದು.
ಮಳೆ ಬಿದ್ದು, ಬಿದ್ದಲ್ಲೇ ಗಾಜಾದ ಆ ವರ್ಷ
ಕೊಂಬೆ ಕೊಂಬೆಗೂ ಮಂಜುಗಡ್ಡೆಯ ತೊಗಲು.
ರಾತ್ರಿಯೆಲ್ಲ ಕೋವಿ ಹಾರಿದ ಹಾಗೆ ಕಾಡು ಮುರಿಯಿತು.
ಬೆಳಗ್ಗೆ ನೋಡಿದರೆ ಇದು ಬೇಲಿಯ ಮೇಲೇ ಮಲಗಿದೆ,
ಬುಡ ನನ್ನ ಕಡೆ, ತಲೆ ಓಜ್ಬೊಲ್ಟನ ಕಡೆ.
ಅವನ ಅಜ್ಜ ನೆಟ್ಟದ್ದಂತೆ.
ಬೀಚ್ ಮರವನ್ನು ಯಾರಾದರೂ ನೆಡುತ್ತಾರೆಯೇ,
ಅದು ಕರಡಿಯ ಹಾಗೆ, ತಾನೇ ಬರುತ್ತೆ, ಅಂದೆ.
ಅವನು ಇನ್ನೇನೋ ಅಂದ. ನಾನೂ ಅಂದೆ.
ನಡುವೆ ಗರಗಸ ಹಾಕಿ ಪಾಲು ಮಾಡಿಕೊಂಡೆವು.

ಅವನ ಅರ್ಧ ಮುಂದಿನ ಚಳಿಗಾಲಕ್ಕೇ ಹೊಗೆಯಾಗಿ
ನನ್ನ ಒಣಹಾಕಿದ ಬಟ್ಟೆಗಳ ಮೇಲೆ ತೇಲಿಹೋಯಿತು.
ನನ್ನ ಅರ್ಧವನ್ನು ಹಲಗೆ ಕೊಯ್ಸಿ,
ನಡುನಡುವೆ ಪಟ್ಟಿ ಕೊಟ್ಟು ಪೇರಿಸಿ,
ಇಂಚಿಗೊಂದು ವರ್ಷದಂತೆ ಐದು ವರ್ಷ ಒಣಗಿಸಿದೆ.
ಬೇಲಿಯ ಮೇಲಿನ ಮಾತೂ ಅಷ್ಟೇ ವರ್ಷ ಒಣಗಿತು.

ಇಪ್ಪತ್ತೊಂಬತ್ತು ವರ್ಷ ಮರದ ಗಿರಣಿಯಲ್ಲಿ ಲೆಕ್ಕ ಬರೆದವಳು ನಾನು.
ಘನಮೀಟರಿಗೆ ಏಳ್ನೂರಿಪ್ಪತ್ತು ಕಿಲೋ, ನಿದ್ದೆಯಲ್ಲೂ ಹೇಳಬಲ್ಲೆ.
ಆದರೆ ಎಳೆಗೆ ಎದುರಾಗಿ ತೋಪಡ ಹಿಡಿದರೆ
ಹಲಗೆ ಹೇಗೆ ಕಿತ್ತುಬರುತ್ತದೆ,
ಒಮ್ಮೆ ತಿರುಗಿಸಿ ಹಿಡಿದರೆ
ಹೇಗೆ ಸುರುಳಿ ಸುರುಳಿಯಾಗಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ
ಮಣಿಕಟ್ಟಿನ ಮೇಲೆ ಹತ್ತಿ ಕೂರುತ್ತದೆ,
ಅದು ಯಾವ ಕಡತದಲ್ಲೂ ಇರಲಿಲ್ಲ.

ಕಾಲಿನ ತುದಿಗೆ ನಾಲಿಗೆ, ಹಲಗೆಯಲ್ಲಿ ಬಾಯಿ.
ನಾಲಿಗೆ ಕೂದಲೆಳೆಯಷ್ಟು ದಪ್ಪವಾದರೆ ಬಾಯಿ ಒಪ್ಪದು;
ಕೂದಲೆಳೆಯಷ್ಟು ತೆಳುವಾದರೆ
ಜನ್ಮವಿಡೀ ಲೊಡಲೊಡ.
ಎರಡನೇ ಕಾಲು ಕೆಟ್ಟಿತು.
ಗೆರೆಯ ಈಚೆಗೆ ಇಡಬೇಕಾದ ಗರಗಸ ಆಚೆಗಿಟ್ಟೆ.
ಇನ್ನೊಂದು ಕಾಲಿಗೆ ಮರವಿರಲಿಲ್ಲ.
ಒಂದು ಚಕ್ಕೆ ಅಂಟಿಸಿ, ಕೀಸಿ,
ಆ ಮೈ ಗೋಡೆಯ ಕಡೆ ಬರುವಂತೆ ನೋಡಿಕೊಂಡೆ.
ಗಂಡನಿಗೂ ಹೇಳಿಲ್ಲ.

ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ಜೋಡಿಸಿದ್ದಾಯಿತು.
ಆಕಾಶಕ್ಕೆ ಕಾಲು ಚಾಚಿದ ದೊಡ್ಡದೊಂದು ಜೀರುಂಡೆ.
ಇನ್ನೂರ ಹದಿನಾರು ಕಿಲೋ, ಲೆಕ್ಕ ಹಾಕಿದ್ದೇನೆ;
ಮಗುಚಲು ಆರು ಜನ.
ಅಂಚೆಯ ಸ್ಲಾವ್ಕಾ ಬಂದಳು, ಬೈಸಿಕಲ್ಲು ಹೊರಗೆ ನಿಲ್ಲಿಸಿ.
ಬೆಂಕಿದಳದ ಹುಡುಗರಿಬ್ಬರು ಬಂದರು.
ವಿಂಕೊ, ನಾನು. ಐದು.
ಬೇಲಿಯಾಚೆ ಕೇಳಲೇ? ಅಂದ ವಿಂಕೊ.
ಆಗಲೇ ಬಿಗಿಯಾಗಿದ್ದ ಒಂದು ತಿರುಪನ್ನು
ನಾನು ಇನ್ನೂ ಬಿಗಿ ಮಾಡುತ್ತಿದ್ದೆ.

ಬಂದ, ತನ್ನದೇ ಕೈಗವಸು ತೊಟ್ಟು.
ಎಲ್ಲ ಮೂಲೆ ಬಿಟ್ಟು ಆ ಎರಡನೇ ಕಾಲಿಗೇ ನಿಂತ.
ಬೆರಳು ಜೋಪಾನ ಅಂತ ನಾನು ಕೂಗಿದ್ದು ಎಲ್ಲರಿಗೆ.
ಎತ್ತಿದೆವು. ಅರ್ಧ ದಾರಿಯಲ್ಲಿ, ಅಂಚಿನ ಮೇಲೆ ನಿಂತಾಗ
ಯಾರೂ ಉಸಿರಾಡಲಿಲ್ಲ, ಬೀಚ್ ಕೂಡ.
ಆಮೇಲೆ ನೆಲ ಧಡಕ್ಕೆಂದಿತು,
ಗೂಡಿನ ಕೋಳಿಗಳೆಲ್ಲ ಒಟ್ಟಿಗೆ ಬೈದವು.

ಓಜ್ಬೊಲ್ಟ್ ಕವಸು ಕಳಚಿ
ಚಕ್ಕೆ ಕೂಡಿದ ಜಾಗದ ಮೇಲೆ ಹೆಬ್ಬೆರಳಾಡಿಸಿದ.
"ಇದು ಗೋಡೆಯ ಕಡೆಗೆ, ಅಲ್ವಾ?"
"ಹೌದು," ಅಂದೆ.

ರಸಮಟ್ಟದ ಗುಳ್ಳೆ ಮಾತ್ರ ನಡುವೆ ನಿಲ್ಲಲೊಲ್ಲದು.
ನೆಲದ ತಪ್ಪು ಅಂದರು ಹುಡುಗರು, ಒಳ್ಳೆಯವರು.
ಅವನು ಹೋಗಿ ಸೌದೆ ರಾಶಿಯಿಂದ ಒಂದು ಸಿಬಿರು ತಂದ,
ಕತ್ತಿಯಲ್ಲಿ ಕೆತ್ತಿ ಕಾಲಡಿಗೆ ಬೆಣೆ ಕೊಟ್ಟ.
ಬೀಚೇ. ಯಾವ ವರ್ಷದ್ದು ಅಂತ ನಾನು ಕೇಳಲಿಲ್ಲ.
ವಿಂಕೊ ಬೆರಿಹಣ್ಣಿನ ಬ್ರಾಂದಿ ತಂದ,
ಆರು ಲೋಟ, ಹೊಸ ಮರದ ಮೇಲೆ ಆರು ನೀಲಿ ಬಳೆ.

ನಾಳೆ ಇದರ ಮೇಲೆ ಮೊದಲ ಕೆಲಸ:
ಅಡುಗೆಮನೆಗೆ ಹೊಸ ಹೊಸ್ತಿಲು.
ಹಳೆಯದರಲ್ಲಿ ಗರಗಸದ ಗಾಯ
ಎಣಿಸಿದೆ, ಹದಿನೇಳಿವೆ.