ಅಸ್ತರ

ಏಳಕ್ಕ ನೀರು ಕಾಸ್ತೀನಿ. ಬಿಸಿ ಅಲ್ಲ, ಬೆಚ್ಚಗ.
ಏಪ್ರಿಲ್ ಬಂತಂದ್ರ ಅದೂ ಬ್ಯಾಡ,
ಕಲಬುರಗಿ ಬಿಸಲು ಟಾಕಿಯಾಗೇ ಕಾಸಿ ನಳಕ್ಕ ಬಿಡ್ತದ.
ಮೊಣಕೈ ಅದ್ದಿ ನೋಡ್ತೀನಿ,
ಕೂಸಿಗಿ ನೋಡ್ದಂಗ.
ಎರಡು ಅರಿವಿ. ಒಂದು ಮುಖಕ್ಕ, ಒಂದು ಕೆಳಗ.
ಅದಲು ಬದಲು ಆಗಬಾರದಂತ
ಕೆಳಗಿನದಕ್ಕ ಕೆಂಪು ದಾರದ ಹೊಲಿಗಿ ಹಾಕ್ಯಾರ
ವೈಜನಾಥಪ್ಪನೋರೇ, ಹಾಸಿಗ್ಯಾಗ ಕುಂತು,
ಎಡಗೈಲೆ,
ಬಲಗೈ ಮಾತು ಕೇಳೋದು ಬಿಟ್ಟ ಮ್ಯಾಲ.

ನಾಲ್ವತ್ತೊಂದು ವರ್ಷ ಗಾಜಿಪುರದಾಗ
ಕೊಳ್ಳಿಗಿ ಟೇಪು ಹಾಕ್ಕೊಂಡು
ಊರ ಗಂಡಸರ ತೊಡಿ ಒಳಗಿನ ಅಳತಿ ತಗೊಂಡವರು.
"ಎಡಕ್ಕೋ, ಬಲಕ್ಕೋ?" ಅಂತ ಕೇಳ್ತಿದ್ರಂತ,
ಮುಖ ನೋಡ್ತಿದ್ದಿಲ್ಲ,
ವಕೀಲರದೂ ಇಲ್ಲ, ಫೌಜುದಾರರದೂ ಇಲ್ಲ.
"ಕೈ ಮುಟ್ಟಬೇಕು, ಮನಸ್ಸು ಮುಟ್ಟಬಾರದು,
ಹಂಗಿದ್ರ ದರ್ಜಿ."

ಅಂಥವರ ಲುಂಗಿ ಗಂಟು ನಾ ಬಿಚ್ಚಬೇಕಾದ ದಿನ
ನಾ ಗ್ವಾಡಿ ನೋಡ್ದೆ.
ಅವರೂ ಗ್ವಾಡಿ ನೋಡಿದ್ರು.
ಒಂದೇ ಗ್ವಾಡಿ, ಅದರ ಮ್ಯಾಲ ಹೋದ ವರ್ಷದ ಕ್ಯಾಲೆಂಡರ.

ಖರೆ ಹೇಳ್ತೀನಿ, ನನಗ ಗೊತ್ತಿದ್ದಿಲ್ಲ.
ನಾ ಆಳಂದದ ದಸ್ತಗೀರ.
ಏಳನೇ ವರ್ಷಕ್ಕ ಖತ್ನಾ,
ಹಸಿರು ಜುಬ್ಬಾ, ಮಲ್ಲಿಗಿ ಸರ, ಕೈಯಾಗ ಕೊಬ್ರಿ ಬಟ್ಲ.
ಇವರ ಮೈ ನನ್ನ ಮೈಯಂಗಲ್ಲ ಅನ್ನೋದು ತಿಳಿದಿತ್ತು,
ಅದನ್ನ ತೊಳಿಯೋದೂ ಬ್ಯಾರೆ ಅನ್ನೋದು ತಿಳಿದಿದ್ದಿಲ್ಲ.
ಮ್ಯಾಲಿಂದ ಮ್ಯಾಲ ನೀರು ಹಾಕಿ
ಪೌಡರ್ ಉದುರ್ಸಿ ಮುಚ್ಚತಿದ್ದೆ.

ತಿಂಗಳಾಗೋದ್ರಾಗ ವಾಸನಿ.
ಡೈಪರ್ ಕಂಪನಿ ಬದಲಿ ಮಾಡಿದ್ವಿ.
ಉಚ್ಚಿ ಹೊಯ್ಯುವಾಗ ಹಲ್ಲು ಕಚ್ಚತಿದ್ರು,
ಕೇಳಿದ್ರ "ಏನಿಲ್ಲೋ, ಮೊಳಕಾಲು" ಅಂತಿದ್ರು.
ಎಂಬತ್ತೆರಡರ ಮನುಷ್ಯಾಗ
ಆ ಜಾಗದ ಹೆಸರು ಹೇಳೋದಕ್ಕಿಂತ
ಜ್ವರ ತಡಕೊಳ್ಳೋದು ಸಸಾರ ಅನಸಿತ್ತು.

ಜ್ವರ ಬಂತು.

ದವಾಖಾನ್ಯಾಗ ಸಿಸ್ಟರ್ ಸುಗಲಾಬಾಯಿ ಪರದೆ ಎಳದ್ರು.
ಬೈಲಿಲ್ಲ. ಬೈದಿದ್ರ ಛಲೋ ಇತ್ತು.
"ಇಲ್ಲಿ ನೋಡು, ಗ್ವಾಡಿ ಅಲ್ಲ.
ಮೊದಲು ಅವರನ್ನ ಕೇಳು, ಮುಟ್ಲೇನ್ರಿ ಅಂತ.
ಮೆಲ್ಲಕ ಹಿಂದ ಸರಸು,
ಬಂದಷ್ಟೇ, ಜುಲುಮಿ ಬ್ಯಾಡ.
ಒಳಗ ಬರೇ ನೀರು, ಸಾಬೂನು ಹಾಕಬ್ಯಾಡ.
ಒತ್ತಿ ಒಣಗಸು, ತಿಕ್ಕಬ್ಯಾಡ.
ಆಮ್ಯಾಲ, ಕೇಳ್ಲಾಕತ್ತಿಯೇನು,
ಹಿಂದ ಸರಸಿದ್ದು ಮುಂದ ತರೋದು ಮರೀಬ್ಯಾಡ.
ಮರತ್ರ ಬಿಗೀತದ, ಬಾವು ಬರ್ತದ,
ಅರ್ಧ ರಾತ್ರ್ಯಾಗ ಇಲ್ಲೇ ಓಡಿ ಬರ್ತಿ."

ಕಣ್ಣು ಮುಚ್ಚಿದ್ದ ವೈಜನಾಥಪ್ಪನೋರು
ನೆಟ್ಟಗಿದ್ದ ಅರ್ಧ ಬಾಯಿಲೆ ಅಂದ್ರು:
"ಅಸ್ತರ ಹೊರಗ ಬಿಟ್ಟು
ಕೋಟು ತೊಡಸಬ್ಯಾಡ ಅಂತಾಳಲೇ."
ಸಿಸ್ಟರ್ ನಕ್ರು. ನನಗ ಅಳು ಬಂದಿತ್ತು.
ಅವರು ನನ್ನ ಮುಖ ನೋಡಿದ್ದು ಅವತ್ತೇ ಮೊದಲು.

ಈಗ ದಿನಾ ಅದೇ ಮಾತು.
"ಮುಟ್ಲೇನ್ರಿ?"
"ಹ್ಞೂಂ."
"ಅಸ್ತರ?"
"ಒಳಗ ಹಾಕೀನ್ರಿ."
ಒಮ್ಮೊಮ್ಮೆ ಏನೋ ನೆನಸ್ಕೊಂಡು ಕೇಳ್ತಾರ,
"ನಿನ್ನ ಜುಬ್ಬಾ ಪಾಪ್ಲಿನ್ನೋ, ಸಾಟಿನ್ನೋ?"
"ಸಾಟಿನ್ರಿ."
"ಹುಡುಗ್ರಿಗಿ ಸಾಟಿನ್ ಹೊಲಿಬಾರದು. ಬೆವರು ಹೀರಂಗಿಲ್ಲ.
ಯಾವ ದರ್ಜಿ ಅವ?"
ಇಪ್ಪತ್ತೈದು ವರ್ಷದ ಹಿಂದಿನ ನನ್ನ ಬೆವರಿಗಿ
ಅವರಿಗಿ ಇವತ್ತು ಸಿಟ್ಟು.

ಬಾಗಿಲ ಹೊರಗ ಗುರಬಾಯಮ್ಮ ತೊಗರಿ ಬ್ಯಾಳಿ ಹಸನ ಮಾಡ್ತಾರ.
ಒಳಗ ಬರಂಗಿಲ್ಲ.
"ಐವತ್ತೆಂಟು ವರ್ಷ ಬಾಳೇವು ಮಾಡೀನಿ.
ಚಿಮಣಿ ಆರಿಸಿದ ಮ್ಯಾಲಿನ ಮನುಷ್ಯ ಗೊತ್ತು ನನಗ.
ಹಗಲಿನ ಮನುಷ್ಯ ನಿನಗಿರಲಿ."

ಬಕ್ರೀದಿಗಿ ಎರಡು ದಿನ ಊರಿಗಿ ಹೋಗ್ಬೇಕು ಅಂದೆ.
ಮಗ ಏಜೆನ್ಸಿಗಿ ಫೋನ್ ಹಚ್ಚಲಾಕ ಹೋದ.
ಗುರಬಾಯಮ್ಮ ಮರ ಕೆಳಗಿಟ್ರು,
ಸೆರಗು ಸಿಗಿಸಿ ಒಳಗ ಬಂದ್ರು.
"ತೋರಸು."

ತೋರಸಿದೆ. ಎಲ್ಲಾ ಹೇಳ್ದೆ, ಸಿಸ್ಟರ್ ಹೇಳಿದ ಸಾಲಿನಂಗೇ.
ಅವರು ಕೆಂಪು ದಾರದ ಅರಿವಿ ಹಿಡಕೊಂಡು
ಗಂಡನ್ನ ನೋಡಿದ್ರು, ಭಾಳ ಹೊತ್ತು.
ವೈಜನಾಥಪ್ಪನೋರು ಕ್ಯಾಲೆಂಡರ ಓದ್ಲಾಕತ್ತಿದ್ರು.
"ನೋವಾಗ್ತದೇನ್ರಿ?" ಅಂದ್ರು ಗುರಬಾಯಮ್ಮ.
"ಇಲ್ಲ," ಅಂದ್ರು.
ಆಮ್ಯಾಲ, "ನೀರು ಒಂಚೂರು ತಣ್ಣಗದ."

ನಾ ಬಕೆಟ್ ಕಡಿ ತಿರುಗೋದ್ರಾಗ
ಅವರು ಬಳಿ ಮ್ಯಾಲ ಸರಿಸಿ
ಮೊಣಕೈ ಅದ್ದಿದ್ರು.
ಅದನ್ನ ನಾ ಹೇಳಿಕೊಟ್ಟಿದ್ದಿಲ್ಲ.