ಮೂರನೇ ಮಹಡಿಯ ಚಿಲಕ

ಕೂತ್ಕೋ ರೋಜ್‌ಲಾಂದ್, ಶೂ ಬಿಚ್ಚು, ಹೇಳುತ್ತೇನೆ.
ಇವತ್ತಿನದು ಐದನೇ ಶಾಲೆ.
ಫ್ಲ್ಯಾಟ್‌ಬುಷ್‌ನಿಂದ ಎರಡು ರೈಲು, ಒಂದು ಬಸ್ಸು,
ಆಮೇಲೆ ಸಾಲು,
ಬೀದಿಯ ಮೂಲೆ ತಿರುಗಿ, ಲಾಂಡ್ರಿ ದಾಟಿ,
ಹೂವಿನಂಗಡಿಯ ಮೆಟ್ಟಿಲವರೆಗೆ.
ಪೋರ್ಟ್-ಓ-ಪ್ರಾನ್ಸ್‌ನಲ್ಲಿ ಸೀಮೆಎಣ್ಣೆಗೆ ನಿಂತವಳು ನಾನು,
ಸಾಲು ನನಗೆ ಹೊಸತಲ್ಲ.
ಕೈಯಲ್ಲಿ ಡಬ್ಬಿ ಇಲ್ಲದೆ ನಿಂತದ್ದು ಮಾತ್ರ ಇದೇ ಮೊದಲು.

ಮುಂದಿದ್ದವಳ ಕಂಕುಳಲ್ಲಿ ಫೈಲು,
ಹಾಳೆ ಹಾಳೆಗೂ ಬಣ್ಣದ ಚೀಟಿ.
ಮಗನಿಗೆ ಅರಬಿಯೂ ಆಸೆ, ಕತ್ತಿವರಸೆಯೂ ಆಸೆ ಅಂತ
ಅವಳೇ ಹೇಳಿದಳು. ಹುಡುಗ ಆಕಳಿಸಿದ.
"ನಿಮ್ಮ ನಂಬರು ಎಷ್ಟು?" ಎಂದು ಕೇಳಿದಳು,
ಕಾಯಿಲೆ ವಿಚಾರಿಸುವವರ ಹಾಗೆ ದನಿ ತಗ್ಗಿಸಿ.

ನಮ್ಮ ನೆಡ್ಜಿ ಫೋನು ತೋರಿಸಿದಳು:
ಮಗುವಿಗೊಂದರಂತೆ ಊರು ಹಂಚಿದ ಲಾಟರಿ ಸಂಖ್ಯೆ,
ಮೊಳದುದ್ದ,
ಅಂಕಿಗಳ ನಡುವೆ ಅಕ್ಷರ, ಅನ್ನದಲ್ಲಿ ಕಲ್ಲಿನಂತೆ.
ನಲವತ್ತು ವರ್ಷ ಬೋರ್ಲೆಟ್ ಆಡಿದವಳು ನಾನು.
ಮೀನಿನ ಕನಸಿಗೊಂದು ಅಂಕಿ, ಮದುವೆಯ ಕನಸಿಗೊಂದು,
ಸತ್ತ ನಿನ್ನಪ್ಪ ಬಂದು ಟೋಪಿ ಎಲ್ಲಿ ಎಂದರೆ ಅದಕ್ಕೊಂದು.
ಇದಕ್ಕೆ ಯಾವ ಕನಸು ಬೀಳಬೇಕು, ಹೇಳು?
'ಸಿ' ಅಕ್ಷರದಿಂದ ಶುರುವಾಗುವ ಅಂಕಿ!
ಫೈಲಿನವಳು ನೋಡಿ "ಓ" ಅಂದಳು.
ಆ "ಓ" ತಿಳಿಯಲು ಇಂಗ್ಲಿಷು ಬೇಕಾಗಿರಲಿಲ್ಲ.

ಒಳಗೆ ಬೆಲ್ಟು ಬಿಚ್ಚಿ, ಚೀಲ ಜಾರಿಸಿ, ಕಮಾನು ಹಾಯಬೇಕು.
ನನ್ನ ಮಂಡಿಯೊಳಗಿನ ಸ್ಟೀಲಿಗೆ ಅದು ಕೂಗಿಕೊಂಡಿತು.
ಒಂದೇ ಕಟ್ಟಡ, ಮಹಡಿಗೊಂದು ಶಾಲೆ,
ನಾಲ್ಕು ಹೆಸರು, ಒಂದೇ ಬಾಯ್ಲರು.
ಪ್ರಿನ್ಸಿಪಾಲರು ಪರದೆಯ ಮೇಲೆ ಶೇಕಡಾವಾರು ತೋರಿಸಿದರು.
ಎಲ್ಲರೂ ಪರದೆಯ ಫೋಟೋ ತೆಗೆದರು,
ನಾನು ಅವರ ಕಾಲರಿನ ಹೊಲಿಗೆ ಬಿಟ್ಟದ್ದು ನೋಡುತ್ತಿದ್ದೆ.
ಪಾಪ, ಅವರಿಗೂ ಇದು ವಾರದ ನಾಲ್ಕನೇ ಸಂಜೆಯಂತೆ.

ಮೊದಲ ಶಾಲೆಯಲ್ಲಿ ರೋಬೋ ತೋರಿಸಿದ್ದರಲ್ಲ,
ಗಾಜಿನ ಕಪಾಟಿನಲ್ಲಿ, ಬೀಗ ಹಾಕಿ?
ಎರಡನೆಯದರಲ್ಲಿ ಹಾಡಿಸಿದರು. ಮೂರನೆಯದು ನೆನಪಿಲ್ಲ.
ನಾಲ್ಕನೆಯದರಲ್ಲಿ ಮಕ್ಕಳೇ ಇರಲಿಲ್ಲ, ಮೇಷ್ಟರುಗಳೇ ನಕ್ಕರು.
ಮೇಲೆ ಥಳಕು ಒಳಗೆ ಹುಳುಕು ಎಂದು ನಾನನ್ನಲಿಲ್ಲ.
ಹುಳುಕು ಕಾಣುವಷ್ಟು ಒಳಗೆ ಯಾರು ಬಿಟ್ಟರು?

ಅದಕ್ಕೇ ಇವತ್ತು ಗುಂಪು ತಪ್ಪಿಸಿಕೊಂಡೆ.
ಪಾಯಿಖಾನೆ ಎಲ್ಲಿ ಎಂದೆ. ಮುದುಕಿಯನ್ನು ಯಾರು ತಡೆಯುತ್ತಾರೆ?
ಮೂರನೇ ಮಹಡಿ, ಹುಡುಗಿಯರದು.
ಆರು ಬಾಗಿಲು. ಆರಕ್ಕೂ ಚಿಲಕ.
ಒಂದೊಂದನ್ನೂ ಹಾಕಿ ನೋಡಿದೆ. ಬೀಳುತ್ತಿತ್ತು, ಟಕ್ ಎಂದು.
ಕಾಗದವಿತ್ತು. ಸೋಪಿತ್ತು.
ಗೋಡೆಯ ಮೇಲೆ ಯಾರೋ ಯಾರನ್ನೋ ಬೈದು ಬರೆದಿದ್ದರಂತೆ,
ಕೆಳಗೆ ಇನ್ಯಾರೋ ಕಾಗುಣಿತ ತಿದ್ದಿದ್ದರಂತೆ.
ನನ್ನನ್ನು ಹುಡುಕಿಕೊಂಡು ಬಂದ ನೆಡ್ಜಿ ಓದಿ ಹೇಳಿದಳು.
ಆಮೇಲೆ ಒಂದು ಬಾಗಿಲು ಹಾಕಿದಳು,
ತೆಗೆದಳು, ಮತ್ತೆ ಹಾಕಿದಳು.

ಹೊರಗೆ ನೆಲ ಒರೆಸುತ್ತಿದ್ದವನು ಜಾಕ್ಮೆಲ್ ಕಡೆಯವನು, ವಿಲ್ನೇರ್.
ಚಿಲಕ ಹಾಕಿಸಿದ್ದು ಯಾರಪ್ಪಾ ಎಂದೆ, ನಮ್ಮ ಮಾತಿನಲ್ಲೇ.
"ಹೋದ ವರ್ಷ ಒಬ್ಬ ಹುಡುಗಿ ದಿನಾ ಹೋಗಿ ಕೇಳಿದಳು, ಹದಿನೇಳು ದಿನ.
ಹದಿನೆಂಟಕ್ಕೆ ಪ್ರಿನ್ಸಿಪಾಲರೇ ಸ್ಕ್ರೂಡ್ರೈವರ್ ಹಿಡಿದು ಬಂದರು.
ಉಲ್ಟಾ ತಿರುಗಿಸಿದರು. ನಾನು ಸರಿ ಮಾಡಿದೆ."

ನಿನ್ನ ಮಗಳು ಈಗಿನ ಶಾಲೆಯಲ್ಲಿ
ಮೂರು ವರ್ಷದಿಂದ ಮಧ್ಯಾಹ್ನ ನೀರು ಕುಡಿಯುವುದಿಲ್ಲ.
ಗೊತ್ತಿತ್ತಾ ನಿನಗೆ?
ಬಾಟಲಿ ತೊಳೆಯುವವಳು ನಾನು. ತುಂಬಿದ್ದು ತುಂಬಿದಂತೆಯೇ ಬರುತ್ತದೆ.

ಪಟ್ಟಿಯಲ್ಲಿ ಹನ್ನೆರಡು ಹೆಸರು ಬೇಕು, ಡಿಸೆಂಬರಿನೊಳಗೆ.
ನಿನ್ನ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದನ್ನೂ ಬರಿ,
ಗಾಜಿನ ರೋಬೋವನ್ನೂ ಬರಿ, ಬೇಡ ಅನ್ನುವುದಿಲ್ಲ.
ಮೊದಲ ಗೆರೆ ಮಾತ್ರ
ಅವಳು ರೈಲಿನಲ್ಲೇ ತುಂಬಿಯಾಯಿತು.
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಸೂಪು ಒಲೆಯ ಮೇಲಿದೆ, ಬಿಸಿ ಮಾಡಿಕೋ.
ರಾತ್ರಿ ನಾನೇನಾದರೂ ಕನವರಿಸಿದರೆ
ಎಬ್ಬಿಸಬೇಡ.
ಅಕ್ಷರಕ್ಕೂ ಒಂದು ಕನಸು ಇದ್ದೀತು.